ಪ್ರಪಂಚ ಸುತ್ತೋ ಬಿಸಿನೆಸ್ ಕ್ಲಾಸ್ ಟಿಕೆಟ್: ಸ್ಟಾರ್ ಅಲಯನ್ಸಾ, ಒನ್‌ವರ್ಲ್ಡಾ?

ಸ್ಟಾರ್ ಅಲಯನ್ಸ್, ಒನ್‌ವರ್ಲ್ಡ್ ಅಂದ್ರೆ ಹಲವು ಏರ್‌ಲೈನ್‌ಗಳು ಸೇರ್ಕೊಂಡಿರೋ ಎರಡು ಕೂಟ, ಇಬ್ರೂ ಒಂದೇ ಟಿಕೆಟ್ಟಲ್ಲಿ ಪ್ರಪಂಚ ಸುತ್ತೋಕೆ ಕೊಡ್ತಾರೆ. ನಾನು, ನಮ್ಮ ಯಜಮಾನ್ರು ಎರಡು ಟಿಕೆಟ್ಟಲ್ಲೂ ಪ್ರಪಂಚ ಸುತ್ತಿ ಬಂದಿದೀವಿ, ಮೊದ್ಲು ಸ್ಟಾರ್ ಅಲಯನ್ಸು, ಆಮೇಲೆ ಒನ್‌ವರ್ಲ್ಡು, ಎರಡೂ ಸಲ ಬಿಸಿನೆಸ್ ಕ್ಲಾಸೇ, ಯಾಕಂದ್ರೆ ಅವ್ರ ಮಂಡಿ ನೋವಿಗೆ ಕಾಲು ಚಾಚಿ ಮಲಗೋಕಾಗ್ದೇ ಇದ್ರೆ ಹದಿಮೂರು ಗಂಟೆ ಫ್ಲೈಟ್ ಆಗೋದೇ ಇಲ್ಲ. ಯಾವ್ದು ತಗೊಳ್ಳೋದು ಅಂತ ಕೇಳೋರೆಲ್ಲ ಸೀಟ್ ಹೇಗಿದೆ ಊಟ ಹೇಗಿದೆ ಅಂತಾನೇ ಶುರು ಮಾಡ್ತಾರೆ. ನಾನು ಹೇಳೋದು ಅದೆಲ್ಲ ಆಮೇಲೆ, ಮೊದ್ಲು ಲೆಕ್ಕ ಹೇಗೆ ಹಾಕ್ತಾರೆ ಅಂತ ನೋಡಿ. ಸ್ಟಾರ್‌ನೋರು ಮೈಲಿ ಎಣಿಸ್ತಾರೆ, ಒನ್‌ವರ್ಲ್ಡ್ ಎಕ್ಸ್‌ಪ್ಲೋರರ್ ಅನ್ನೋ ಟಿಕೆಟ್ಟಲ್ಲಿ ಖಂಡ ಎಣಿಸ್ತಾರೆ. ಎಲ್ಲಾ ವ್ಯತ್ಯಾಸ ಇರೋದು ಇಲ್ಲೇ.

ಮಿಕ್ಕಿದ್ದು ಹೆಚ್ಚುಕಮ್ಮಿ ಒಂದೇ. ಪೂರ್ವಕ್ಕಾದ್ರೂ ಹೋಗಿ ಪಶ್ಚಿಮಕ್ಕಾದ್ರೂ ಹೋಗಿ, ಖಂಡದಿಂದ ಖಂಡಕ್ಕೆ ಹೋಗೋವಾಗ ದಿಕ್ಕು ಬದಲಾಯಿಸೋ ಹಾಗಿಲ್ಲ, ಅಟ್ಲಾಂಟಿಕ್ ಒಂದೇ ಸಲ ಪೆಸಿಫಿಕ್ ಒಂದೇ ಸಲ ದಾಟ್ಬೇಕು, ಶುರು ಮಾಡಿದ ದೇಶಕ್ಕೇ ವಾಪಸ್ ಬರ್ಬೇಕು, ಜಾಸ್ತಿ ಅಂದ್ರೆ 16 ಫ್ಲೈಟು, ಒಂದು ವರ್ಷದೊಳಗೆ ಮುಗಿಸ್ಬೇಕು.

ಸ್ಟಾರ್‌ದು ಬಿಸಿನೆಸ್‌ನಲ್ಲಿ 29,000, 34,000, 39,000 ಮೈಲಿ ಅಂತ ಮೆಟ್ಟಿಲು. ನಮ್ಮ ರೂಟು ಬೆಂಗಳೂರು, ಸಿಂಗಪುರ, ಆಕ್ಲೆಂಡ್, ಸ್ಯಾನ್ ಫ್ರಾನ್ಸಿಸ್ಕೊ, ನ್ಯೂಯಾರ್ಕ್ ಪಕ್ಕದ ನ್ಯೂಆರ್ಕ್, ಫ್ರಾಂಕ್‌ಫರ್ಟ್, ವಾಪಸ್ ಬೆಂಗಳೂರು. ಕೂಡಿದ್ರೆ ಸುಮಾರು 25,000 ಮೈಲಿ, ಅಂದ್ರೆ ಭೂಮಿ ಸುತ್ತಳತೆಯಷ್ಟೇ. 29,000ದ ಟಿಕೆಟ್ಟಲ್ಲಿ ಇನ್ನೂ ನಾಲ್ಕು ಸಾವಿರ ಮಿಗುತ್ತೆ, ಯುರೋಪಲ್ಲಿ ಒಂದೆರಡು ಊರು ಸೇರಿಸ್ಕೋಬಹುದು. ಆದ್ರೆ ನಮ್ಮ ಯಜಮಾನ್ರಿಗೆ ಬ್ರೆಜಿಲ್ ನೋಡೋ ಆಸೆ ಬಂತು ನೋಡಿ, ನ್ಯೂಆರ್ಕಿಂದ ಸಾವೊ ಪೌಲೊ, ಅಲ್ಲಿಂದ ಫ್ರಾಂಕ್‌ಫರ್ಟ್ ಅಂತ ಹಾಕಿದ ತಕ್ಷಣ ಏಳು ಸಾವಿರ ಮೈಲಿ ಏರಿ 34,000ದ ಮೆಟ್ಟಿಲಿಗೆ ಹೋಯ್ತು. ದುಡ್ಡೂ ಅದ್ರ ಜೊತೆಗೇ ಏರುತ್ತೆ. ಇನ್ನೊಂದು ಗಮನಿಸ್ಬೇಕು, ಮಧ್ಯೆ ಎರಡು ಊರಿನ ನಡುವೆ ನೀವು ಟ್ರೈನಲ್ಲಿ ಹೋದ್ರೂ ಆ ದೂರನೂ ಮೈಲಿ ಲೆಕ್ಕಕ್ಕೆ ಹಿಡೀತಾರೆ.

ಒನ್‌ವರ್ಲ್ಡಲ್ಲಿ ಈ ತಲೆನೋವಿಲ್ಲ. ಮೂರರಿಂದ ಆರು ಖಂಡ, ಬಿಸಿನೆಸ್ ಟಿಕೆಟ್ಟಿಗೆ ತಿಳಿದೋರು ಡಿ-ಒನ್-ಫೋರ್, ಡಿ-ಒನ್-ಫೈವ್ ಅಂತಾರೆ, ಕೊನೇ ಅಂಕಿ ಎಷ್ಟು ಖಂಡ ಅನ್ನೋದು. ಒಂದು ಖಂಡದೊಳಗೆ ನಾಲ್ಕು ಫ್ಲೈಟು, ಉತ್ತರ ಅಮೆರಿಕಕ್ಕೆ ಮಾತ್ರ ಆರು, ಖಂಡದೊಳಗೆ ಹಿಂದೆ ಮುಂದೆ ಹೇಗೆ ಬೇಕಾದ್ರೂ ಓಡಾಡಿ ಯಾರೂ ಮೈಲಿ ಕೇಳಲ್ಲ. ಮಗಳು ಸಿಯಾಟಲ್‌ನಲ್ಲಿದಾಳೆ, ಸಿಡ್ನಿಯಿಂದ ಲಾಸ್ ಏಂಜಲೀಸಿಗೆ ಬಂದು ಸಿಯಾಟಲ್‌ಗೆ ಹೋಗಿ, ಅಲಾಸ್ಕಾ ಏರ್‌ಲೈನ್ಸು 2021ರಲ್ಲಿ ಒನ್‌ವರ್ಲ್ಡ್ ಸೇರಿದ್ರಿಂದ ಆಂಕರೇಜಿಗೂ ಹೋಗಿ ವಾಪಸ್ ಬಂದು ಆಮೇಲೆ ನ್ಯೂಯಾರ್ಕಿಗೆ ಹೋದ್ವಿ, ಇದೇ ಸ್ಟಾರಲ್ಲಾಗಿದ್ರೆ ಮೈಲಿ ಕರಗಿ ಹೋಗ್ತಿತ್ತು. ನನಗೆ ತುಂಬಾ ಖುಷಿ ಕೊಟ್ಟಿದ್ದು ಇನ್ನೊಂದು ವಿಷ್ಯ: ಇವ್ರ ಲೆಕ್ಕದಲ್ಲಿ ಯುರೋಪ್ ಜೊತೆಗೆ ದೋಹಾ, ಅಮ್ಮಾನ್, ಕೈರೊ, ಮೊರಾಕ್ಕೊ ಎಲ್ಲಾ ಒಂದೇ ಖಂಡ. ಲಂಡನ್, ಮ್ಯಾಡ್ರಿಡ್, ಕಾಸಾಬ್ಲಾಂಕಾ, ದೋಹಾ ನೋಡ್ಕೊಂಡು ಬೆಂಗಳೂರಿಗೆ ಬಂದ್ವಿ, ಹೆಚ್ಚಿಗೆ ಖಂಡದ ದುಡ್ಡು ಕೊಡ್ಲಿಲ್ಲ.

ಒನ್‌ವರ್ಲ್ಡ್ ಸೋಲೋದು ದಕ್ಷಿಣ ಅಮೆರಿಕದಲ್ಲಿ. 2020ರಲ್ಲಿ ಅಲ್ಲಿನ ದೊಡ್ಡ ಏರ್‌ಲೈನ್ ಲಾಟಾಮ್ ಬಿಟ್ಟು ಹೋದ ಮೇಲೆ ಆ ಖಂಡಕ್ಕೆ ಹೋಗಿ ಬರೋ ಫ್ಲೈಟ್ ಇದಾವೆ, ಅಲ್ಲೇ ಒಳಗೆ ಓಡಾಡೋಕೆ ಅವ್ರದ್ದು ಅಂತ ಏರ್‌ಲೈನ್ ಇಲ್ಲ. ಸ್ಟಾರಲ್ಲಿ ಅವಿಯಾಂಕಾ, ಕೋಪಾ ಇದಾವೆ. ಆಫ್ರಿಕಾಗೂ ಇಥಿಯೋಪಿಯನ್ ಇರೋದ್ರಿಂದ ಸ್ಟಾರೇ ಮೇಲು. ನಮ್ಮ ದೇಶದೊಳಗಿನ ಫ್ಲೈಟ್ ಬೇಕಂದ್ರೂ ಸ್ಟಾರೇ, ಏರ್ ಇಂಡಿಯಾ 2014ರಿಂದ ಅದ್ರಲ್ಲಿದೆ. ಒನ್‌ವರ್ಲ್ಡಿಗೆ ನಮ್ಮ ಬೆಂಗಳೂರಿನ ಕಿಂಗ್‌ಫಿಷರ್ 2012ರಲ್ಲಿ ಸೇರ್ಬೇಕಿತ್ತು, ಸೇರೋ ಮುಂಚೆ ಅದೇ ನಿಂತೋಯ್ತು. ಆದ್ರೂ ಬೆಂಗಳೂರಿಂದ ನೇರವಾಗಿ ಹೊರದೇಶಕ್ಕೆ ಹೋಗೋಕೆ ಕ್ವಾಂಟಾಸ್, ಜಪಾನ್ ಏರ್‌ಲೈನ್ಸ್, ಕತಾರ್, ಬ್ರಿಟಿಷ್ ಏರ್‌ವೇಸ್ ಎಲ್ಲಾ ಇರೋದ್ರಿಂದ ನಮಗೆ ಕೊರತೆ ಅನ್ನಿಸ್ಲಿಲ್ಲ.

ಈಗ ಸೀಟು. ಕತಾರ್‌ದು ಕ್ಯೂಸೂಟ್ ಸಿಕ್ಕಿದ್ರೆ ಅದಕ್ಕೆ ಸಮ ಇಲ್ಲ, ಬಾಗಿಲು ಹಾಕ್ಕೊಂಡು ಮಲಗಿದ್ರೆ ಸಣ್ಣ ರೂಮೇ ಅದು. ಆದ್ರೆ ಅವ್ರ ಎಲ್ಲಾ ವಿಮಾನದಲ್ಲಿಲ್ಲ, 787-8ರಲ್ಲಿ ಇರಲ್ಲ, ಬುಕ್ ಮಾಡೋವಾಗ್ಲೇ ಯಾವ ವಿಮಾನ ಅಂತ ನೋಡಿ. ಸಿಂಗಪುರ ಏರ್‌ಲೈನ್ಸ್ 777ರ ಸೀಟು ಅಗಲ ಅಂದ್ರೆ ಅಗಲ, ಆದ್ರೆ ಹಾಸಿಗೆ ಮಾಡೋಕೆ ಎದ್ದು ಸೀಟಿನ ಬೆನ್ನನ್ನ ಮುಂದಕ್ಕೆ ಮಗುಚ್ಬೇಕು, ಕಾಲು ಓರೆಯಾಗಿ ಮೂಲೆಗೆ ಹೋಗುತ್ತೆ, ಮಂಡಿ ನೋವಿನೋರಿಗೆ ಅಷ್ಟು ಹಿತ ಅಲ್ಲ. ಸರ್ವಿಸ್ ಮಾತ್ರ ಅವ್ರದ್ದೇ ಮೇಲು, ನನ್ನ ಮನಸ್ಸಿಗೆ ಹತ್ರ. ಯುರೋಪಿನೊಳಗಿನ ಬಿಸಿನೆಸ್ ಕ್ಲಾಸ್ ಅಂದ್ರೆ ಎರಡು ಕಡೆನೂ ಅಷ್ಟೇ, ಎಕಾನಮಿ ಸೀಟೇ, ಮಧ್ಯದ್ದು ಖಾಲಿ ಬಿಟ್ಟಿರ್ತಾರೆ. ಊಟಕ್ಕೆ ಏಷಿಯನ್ ವೆಜಿಟೇರಿಯನ್ ಅಂತ ಪ್ರತಿ ಫ್ಲೈಟಿಗೂ ಬೇರೆ ಬೇರೆಯಾಗಿ ಹಾಕ್ಸಿ, 24 ಗಂಟೆ ಮುಂಚೆ ಮತ್ತೆ ಚೆಕ್ ಮಾಡಿ. ಒಂದು ಏರ್‌ಲೈನ್‌ನಲ್ಲಿ ಡೇಟ್ ಬದಲಾಯಿಸಿದಾಗ ಊಟದ ರಿಕ್ವೆಸ್ಟೇ ಹಾರಿ ಹೋಗಿತ್ತು, ಇಡೀ ರಾತ್ರಿ ಹಣ್ಣು ಬ್ರೆಡ್ಡಲ್ಲೇ ಕಳೆದ್ವಿ.

ಡೇಟ್ ಬದಲಾವಣೆಗೆ ಎರಡ್ರಲ್ಲೂ ನಮಗೆ ದುಡ್ಡು ಕೇಳ್ಲಿಲ್ಲ, ಆದ್ರೆ ಅದೇ ಬುಕಿಂಗ್ ಕ್ಲಾಸಲ್ಲಿ, ಅಂದ್ರೆ ಆ ಥರದ ಟಿಕೆಟ್ಟಿಗೆ ಅಂತ ಏರ್‌ಲೈನ್‌ನೋರು ಒಂದು ಅಕ್ಷರ ಕೊಟ್ಟು ಎತ್ತಿಟ್ಟಿರೋ ಸೀಟುಗಳಲ್ಲಿ, ಸೀಟ್ ಇರ್ಬೇಕು. ಒನ್‌ವರ್ಲ್ಡ್ ಬಿಸಿನೆಸ್‌ಗೆ ಅದು ಸಾಮಾನ್ಯವಾಗಿ ಡಿ ಕ್ಲಾಸು. ವಿಮಾನ ಅರ್ಧ ಖಾಲಿ ಇದ್ರೂ ಡಿ ಇಲ್ಲ ಅಂದ್ರೆ ಇಲ್ಲ, ಪೆಸಿಫಿಕ್ ಫ್ಲೈಟಲ್ಲಿ ಇದು ಜಾಸ್ತಿ ಕಾಡುತ್ತೆ, ಅದಕ್ಕೇ ಮೊದ್ಲು ಪೆಸಿಫಿಕ್ ಫಿಕ್ಸ್ ಮಾಡ್ಕೊಂಡು ಮಿಕ್ಕಿದ್ದನ್ನ ಅದ್ರ ಸುತ್ತ ಹೆಣೀರಿ. ಲಂಡನ್‌ನಿಂದ ದೂರದ ಫ್ಲೈಟ್ ಹತ್ಬೇಡಿ, ಏರ್ ಪ್ಯಾಸೆಂಜರ್ ಡ್ಯೂಟಿ ಅಂತ ಬಿಸಿನೆಸ್ ಕ್ಲಾಸಿಗೆ ಎಕಾನಮಿಗಿಂತ ಜಾಸ್ತಿ ಟ್ಯಾಕ್ಸ್ ಹಾಕ್ತಾರೆ. ನಾವು ಲಂಡನ್ ನೋಡಿ ಮ್ಯಾಡ್ರಿಡ್‌ಗೆ ಹೋಗಿದ್ದು ಅದಕ್ಕೂ ಹೌದು.

ಇನ್ನೊಂದ್ಸಲ ಹೋಗೋದಾದ್ರೆ ನಾನು ಒನ್‌ವರ್ಲ್ಡೇ ತಗೊಳ್ಳೋದು, ಮಗಳ ಮನೆಗೆ ಹೋಗಿ ಅಮೆರಿಕದೊಳಗೆ ಓಡಾಡೋರಿಗೆ ಅದೇ ಸರಿ. ಪೆರು ಕೊಲಂಬಿಯಾ ಅಂತ ಆಸೆ ಇರೋರು, ಇಲ್ಲಾ ಐದಾರೇ ಊರು ಸಾಕು ಅನ್ನೋರು ಸ್ಟಾರ್ 29,000 ನೋಡಿ. ದುಡ್ಡು ಕಟ್ಟೋ ಮುಂಚೆ ಕೊಲಂಬೊದಿಂದ ಶುರು ಮಾಡಿದ್ರೆ ಎಷ್ಟು ಅಂತಾನೂ ಕೇಳಿ, ಯಾಕಂದ್ರೆ ಶುರು ಮಾಡೋ ದೇಶದ ಮೇಲೆ ರೇಟ್ ಬದಲಾಗುತ್ತೆ, ಕೊಲಂಬೊಗೆ ಬೆಂಗಳೂರಿಂದ ಹೋಗಿ ಬರೋ ಟಿಕೆಟ್ಟನ್ನ ಬೇರೆ ತಗೊಂಡ್ರೂ ಉಳಿಯುತ್ತಾ ಅಂತ ಕೂಡಿ ನೋಡಿ. ಅಮೆರಿಕ ವೀಸಾ ಕೈಗೆ ಬರೋವರ್ಗೂ ಯಾವ ಟಿಕೆಟ್ಟೂ ಮಾಡಿಸ್ಬೇಡಿ, ನಮ್ಮ ಪಾಸ್‌ಪೋರ್ಟ್‌ಗೆ ಅಲ್ಲಿ ಬರೀ ಫ್ಲೈಟ್ ಬದಲಾಯಿಸೋಕೂ ವೀಸಾ ಬೇಕು.