ಬೂದು ಬಣ್ಣದ ಹಳೇ ತಗಡನ್ನು ಬೆಂಕಿಗೆ ಹಿಡಿಯಬೇಡಿ

ಲೋಹದ ತಗಡನ್ನು ತಟ್ಟಿ, ಕಾಯಿಸಿ, ತುಕ್ಕು ಕಿಲುಬು ಹಿಡಿಸಿ ಕಲಾಕೃತಿ ಮಾಡುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನಗಾದದ್ದು ನಿಮಗಾಗಬಾರದು.

ಉಜ್ಜಿ ಹೊಳಪು ಬರಿಸಿದ ಉಕ್ಕಿನ ತಗಡನ್ನು ನಿಧಾನವಾಗಿ ಕಾಯಿಸಿದರೆ ಸುಮಾರು 220 ಡಿಗ್ರಿಗೆ ಒಣಹುಲ್ಲಿನ ಹಳದಿ, ಆಮೇಲೆ ನೇರಳೆ, 300ರ ಹತ್ತಿರ ಗಾಢ ನೀಲಿ ಬರುತ್ತದೆ. ಆ ಬಣ್ಣಗಳೆಂದರೆ ನನಗೆ ಹುಚ್ಚು. ಗುಜರಿಯಿಂದ ತಂದ ಒಂದು ಬೂದು ತಗಡನ್ನು ಮಾಮೂಲಿ ಕಬ್ಬಿಣ ಅಂದುಕೊಂಡೆ. ಚೆನ್ನಾಗಿ ಮಡಚಲು ಬರಲಿ ಅಂತ ಕೆಂಪಗಾದ ಮೇಲೂ ಬೆಂಕಿ ಉಗುಳುವ ಟಾರ್ಚ್ ಹಿಡಿದೇ ಇದ್ದೆ. ಉರಿ ಹಸಿರುನೀಲಿಗೆ ತಿರುಗಿತು. ತಗಡಿನ ಮೇಲೆ ನಿಂಬೆಹಣ್ಣಿನಂಥ ಹಳದಿ ಮೂಡಿತು, ಟಾರ್ಚ್ ಸರಿಸಿ ತಣ್ಣಗಾಗುತ್ತಿದ್ದ ಹಾಗೆ ಬೆಳ್ಳಗಾಯಿತು. ಅರಳೆಯಂಥ ಬಿಳಿ ಎಳೆಗಳು ಗಾಳಿಯಲ್ಲಿ ತೇಲಾಡಿದವು. ಆ ಹಳದಿ ಉಳಿಯಲಿ ಎಂದು ನಾನು ಬಗ್ಗಿ ಬಗ್ಗಿ ನೋಡುತ್ತ ಮತ್ತೆ ಕಾಯಿಸಿದೆ. ಉರಿ ಅಲುಗದಿರಲಿ ಎಂದು ಕಿಟಕಿ ಬಾಗಿಲು ಹಾಕಿದ್ದೆ. ಮೂಗಿಗೆ ಇದ್ದದ್ದು ಬಟ್ಟೆಯ ಮಾಸ್ಕ್.

ಬಾಯಲ್ಲಿ ಸಿಹಿ ಸಿಹಿ, ಲೋಹದ ರುಚಿ. ಅಷ್ಟೇ. ರಾತ್ರಿ ಹತ್ತಕ್ಕೆ ಹಲ್ಲು ಕಟಕಟಿಸುವ ಚಳಿ, 102 ಡಿಗ್ರಿ ಜ್ವರ, ಮೈಕೈ ನುಲಿಯುವ ನೋವು. ಬೆಳಗಾಗುವಷ್ಟರಲ್ಲಿ ಬೆವರಿ ಇಳಿಯಿತು. ಫ್ಲೂ ಇರಬೇಕು ಎಂದುಕೊಂಡೆ.

ನಾನು ಮೋಸಹೋದದ್ದು ಇಲ್ಲೇ. ಮರುದಿನವೂ ಅದರ ಮರುದಿನವೂ ಅದೇ ತಗಡನ್ನು ಕಾಯಿಸಿದೆ, ಏನೂ ಆಗಲಿಲ್ಲ. ಹಾಗಾಗಿ ತಗಡಿನ ಮೇಲೆ ಅನುಮಾನವೇ ಬರಲಿಲ್ಲ. ನಾಲ್ಕು ದಿನ ಬಿಡುವು ಕೊಟ್ಟು ಮತ್ತೆ ಶುರುಮಾಡಿದ ರಾತ್ರಿ ಅದೇ ಚಳಿ, ಅದೇ ಜ್ವರ. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಏನು ಕಾಯಿಸಿದ್ರಿ?"

ಅದು ಸತುವಿನ ಲೇಪನದ ತಗಡು, ಗ್ಯಾಲ್ವನೈಸ್ಡ್ ಶೀಟ್. ಸತು 907 ಡಿಗ್ರಿಗೆ ಕುದಿದು ಆವಿಯಾಗಿ, ಗಾಳಿ ತಾಗಿದೊಡನೆ ಸತುವಿನ ಆಕ್ಸೈಡಿನ ಹೊಗೆಯಾಗುತ್ತದೆ. ಅದನ್ನು ಉಸಿರಾಡಿದ ಕೆಲವು ಗಂಟೆಗಳ ಮೇಲೆ ಜ್ವರ ಬರುತ್ತದೆ. ದಿನವೂ ಉಸಿರಾಡಿದರೆ ಮೈ ಸ್ವಲ್ಪ ಒಗ್ಗಿಕೊಳ್ಳುತ್ತದೆ, ಎರಡು ದಿನ ಬಿಟ್ಟರೆ ಆ ಒಗ್ಗುವಿಕೆ ಹೋಗುತ್ತದೆ. ವಾರದ ರಜೆ ಮುಗಿಸಿ ಬಂದ ಕೆಲಸಗಾರರಿಗೆ ಬರುತ್ತಿದ್ದುದರಿಂದ ಇದಕ್ಕೆ ಸೋಮವಾರದ ಜ್ವರ ಎಂಬ ಹೆಸರೂ ಇದೆ. ಹಾಲು ಕುಡಿದರೆ ಸರಿಹೋಗುತ್ತದೆ ಅಂತ ವೆಲ್ಡಿಂಗ್ ಮಾಡುವವರು ಹೇಳುತ್ತಾರೆ, ನಂಬಬೇಡಿ.

ಅಯಸ್ಕಾಂತ ಹಿಡಿದು ಪರೀಕ್ಷಿಸಿ ಪ್ರಯೋಜನವಿಲ್ಲ, ಲೇಪನದ ಕೆಳಗೆ ಇರುವುದು ಉಕ್ಕೇ. ಕತ್ತರಿಸಿದ ಅಂಚು ನೋಡಿ. ಅಂಚಿಗೆ ತುಕ್ಕು ಹಿಡಿದು ಮೈ ಮಾತ್ರ ಬೂದಾಗಿಯೇ ಉಳಿದಿದ್ದರೆ ಲೇಪನ ಇದೆ. ವರ್ಷಗಟ್ಟಲೆ ಮಳೆಯಲ್ಲಿ ಬಿದ್ದಿದ್ದೂ ತುಕ್ಕು ಕಾಣದಿದ್ದರೂ ಹಾಗೇ ತಿಳಿಯಿರಿ. ಹಳೇ ಬೋಲ್ಟು, ಕ್ಲಿಪ್ಪುಗಳನ್ನಂತೂ ಬೆಂಕಿಯ ಹತ್ತಿರವೂ ತರಬೇಡಿ. ಅವುಗಳ ಮೇಲೆ ಕ್ಯಾಡ್ಮಿಯಂ ಲೇಪನ ಇರಬಹುದು, ಕಣ್ಣಿಗೆ ವ್ಯತ್ಯಾಸ ತಿಳಿಯದು. ಅದರ ಹೊಗೆಗೂ ಮೊದಲು ಹೀಗೇ ಚಳಿಜ್ವರ ಬರುತ್ತದೆ, ಆಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿ ಜೀವ ಹೋಗಬಹುದು. ಲೋಹ ಕಾಯಿಸಿದ ದಿನ ಉಸಿರು ಕಟ್ಟಿದಂತಾದರೆ ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಹೋಗಿ, ಏನು ಕಾಯಿಸಿದಿರೆಂದು ಮೊದಲು ಹೇಳಿ.

ಆ ತಗಡಿನ ಉಳಿದ ಭಾಗವನ್ನು ಈಗ ತಣ್ಣಗಿರುವಾಗಲೇ ಮಡಚಿ ತಟ್ಟುತ್ತಿದ್ದೇನೆ. ಬೂದು ಬಣ್ಣ ಹಾಗೇ ಇದೆ.