ಬಾನೆಟ್ ಸ್ಕೂಪ್ ಮತ್ತು ಕಟ್ಟಿಸಿದ ಇಂಟರ್‌ಕೂಲರ್: ಮೂರು ವರ್ಷ ಓಡಿಸಿದ ಮೇಲೆ

ಗಾಡಿ ಸುಬಾರು ಡಬ್ಲ್ಯುಆರ್‌ಎಕ್ಸ್ ಎಸ್‌ಟಿಐ, 2.5 ಲೀಟರ್ ಇಜೆ25 ಟರ್ಬೊ ಎಂಜಿನ್. ಕಂಪನಿಯ ಇಂಟರ್‌ಕೂಲರ್ (ಟರ್ಬೊ ಒತ್ತಿ ಬಿಸಿಯಾದ ಗಾಳಿಯನ್ನು ಎಂಜಿನ್ನಿಗೆ ಹೋಗುವ ಮೊದಲು ತಣಿಸುವ ಸಾಧನ) ಬಿಚ್ಚಿ, ಅದೇ ಜಾಗಕ್ಕೆ ಬಾರ್-ಅಂಡ್-ಪ್ಲೇಟ್ ಕೋರ್ (ಪಟ್ಟಿ, ತಗಡು ಜೋಡಿಸಿ ಮಾಡಿದ, ಶಾಖ ಬಿಡುವ ರೆಕ್ಕೆಗಳ ಭಾಗ) ಇಟ್ಟು ಕಟ್ಟಿಸಿದ ದೊಡ್ಡ ಇಂಟರ್‌ಕೂಲರ್ ಹಾಕಿದೆ. ಬಾನೆಟ್ ಮೇಲೆ ಗಾಳಿ ಹಿಡಿಯುವ ಎತ್ತರದ ಫೈಬರ್ ಸ್ಕೂಪ್, ಅದರ ಕೆಳಗೆ ಗಾಳಿಯನ್ನು ಕೋರ್‌ಗೆ ಒಯ್ಯುವ ಅಲ್ಯುಮಿನಿಯಂ ತಗಡಿನ ಡಕ್ಟ್. ಅಂಕ ಮೊದಲೇ ಕೊಟ್ಟುಬಿಡುವುದಾದರೆ ಕೋರ್‌ಗೆ ಐದಕ್ಕೆ ನಾಲ್ಕು, ಸ್ಕೂಪ್‌ಗೆ ಮೂರು, ಇವೆರಡರ ನಡುವೆ ಅಂಟಿಸಿದ ಫೋಮ್ ಪಟ್ಟಿಗೆ ಐದಕ್ಕೆ ಐದು. ಈ ಮಾಡಿಫಿಕೇಶನ್‌ನಲ್ಲಿ ಅತಿ ಅಗ್ಗದ ಸಾಮಾನು ಅದೇ, ಎಲ್ಲರೂ ಕೊನೆಗೆ ಯೋಚಿಸುವುದೂ ಅದನ್ನೇ.

1992ರಲ್ಲಿ ಮೊದಲ ಡಬ್ಲ್ಯುಆರ್‌ಎಕ್ಸ್ ಬಂದಾಗಿನಿಂದ ಈ ಗಾಡಿಯ ಇಂಟರ್‌ಕೂಲರ್ ಎಂಜಿನ್ನಿನ ನೆತ್ತಿಯ ಮೇಲೇ ಕೂತಿದೆ. ಟರ್ಬೊದಿಂದ ಥ್ರಾಟಲ್‌ವರೆಗಿನ ದಾರಿ ಚಿಕ್ಕದು, ಹಾಗಾಗಿ ಕಾಲಿಟ್ಟ ಕೂಡಲೇ ಬೂಸ್ಟ್ (ಟರ್ಬೊ ಕೊಡುವ ಹೆಚ್ಚುವರಿ ಗಾಳಿ ಒತ್ತಡ) ಬರುತ್ತದೆ. ತೊಂದರೆ ಎಂದರೆ ಅದು ಒಲೆಯ ಮೇಲಿನ ಹೆಂಚಿನ ಹಾಗೆ ಬಿಸಿಯ ಮೇಲೇ ಕೂತಿರುತ್ತದೆ.

ಇಂಟರ್‌ಕೂಲರ್ ಹೊರಬೇಕಾದ ಹೊರೆ ಎಷ್ಟು ಎಂದು ಲೆಕ್ಕ ಹಾಕಿ ನೋಡಿ. ಹೊರಗೆ 30 ಡಿಗ್ರಿ, ಬೂಸ್ಟ್ 1 ಬಾರ್, ಕಂಪ್ರೆಸರ್ ದಕ್ಷತೆ ಶೇ. 70 ಇದ್ದರೆ ಟರ್ಬೊದಿಂದ ಹೊರಡುವ ಗಾಳಿ ಸುಮಾರು 125 ಡಿಗ್ರಿ ಇರುತ್ತದೆ. ಅದನ್ನು 50 ಡಿಗ್ರಿಗೆ ಇಳಿಸಿದರೆ ಅದೇ ಒತ್ತಡದಲ್ಲಿ ಗಾಳಿಯ ಸಾಂದ್ರತೆ ಶೇ. 23ರಷ್ಟು ಏರುತ್ತದೆ. 125 ಮತ್ತು 30ರ ನಡುವಿನ 95 ಡಿಗ್ರಿಯಲ್ಲಿ 75 ಡಿಗ್ರಿ ತೆಗೆದಂತಾಯಿತು, ಎಂದರೆ ಕೋರ್ ಶೇ. 79ರಷ್ಟು ಕೆಲಸ ಮಾಡಿದೆ. ಯಾರಾದರೂ "ನಮ್ಮ ಕೋರ್ ಸೂಪರ್" ಅಂದಾಗ ಕೇಳಬೇಕಾದ್ದು ಈ ಒಂದೇ ಸಂಖ್ಯೆ. ಜೊತೆಗೆ ಕೋರ್‌ನ ಎರಡು ತುದಿಗಳ ನಡುವೆ ಒತ್ತಡ ಎಷ್ಟು ಬೀಳುತ್ತದೆ ಅನ್ನುವುದು. 0.1 ಬಾರ್ ಒಳಗಿದ್ದರೆ ಒಳ್ಳೆಯದು.

ಅಳೆಯುವಾಗ ಒಂದು ಮೋಸವಿದೆ. ಈ ಎಂಜಿನ್ನಿನಲ್ಲಿ ಗಾಳಿಯ ಉಷ್ಣತೆಯ ಸೆನ್ಸರ್ ಇರುವುದು ಒಳಬರುವ ಗಾಳಿಯ ಪ್ರಮಾಣ ಅಳೆಯುವ ಮ್ಯಾಫ್ ಸೆನ್ಸರ್ ಒಳಗೆ, ಟರ್ಬೊಗಿಂತ ಹಿಂದೆ. ಸ್ಕ್ಯಾನರ್ ಹಚ್ಚಿ "35 ಡಿಗ್ರಿ ತೋರಿಸ್ತಿದೆ, ಇಂಟರ್‌ಕೂಲರ್ ಭರ್ಜರಿ" ಎಂದು ಖುಷಿಪಡುವವರು ನೋಡುತ್ತಿರುವುದು ಏರ್‌ಫಿಲ್ಟರ್ ಪೆಟ್ಟಿಗೆಯ ಗಾಳಿಯನ್ನು. ಇಂಟರ್‌ಕೂಲರ್ ಕಟ್ಟಿಸುವಾಗಲೇ ಥ್ರಾಟಲ್ ಕಡೆಯ ಎಂಡ್ ಟ್ಯಾಂಕಿಗೆ (ಕೋರ್‌ನ ತುದಿಯ ಪೆಟ್ಟಿಗೆಗೆ) ಸೆನ್ಸರ್ ತಿರುಪಿ ಕೂರಿಸಲು ಥ್ರೆಡ್ ಇರುವ ಬಾಸ್ ಒಂದನ್ನು ವೆಲ್ಡ್ ಮಾಡಿಸಿ. ತೆರೆದ ತುದಿಯ, ಬೇಗ ಸ್ಪಂದಿಸುವ ಸೆನ್ಸರ್ ಹಾಕಿ. ಹಿತ್ತಾಳೆ ಟೊಪ್ಪಿಗೆಯ ಕೂಲಂಟ್ ಸೆನ್ಸರ್ ಹಾಕಿದರೆ ಗೇರ್ ಬದಲಾದ ಮೇಲೆ ಅದಕ್ಕೆ ಎಚ್ಚರವಾಗುತ್ತದೆ.

ಈಗ ಸ್ಕೂಪ್. ಸ್ಕೂಪ್‌ನಿಂದ ಬೂಸ್ಟ್ ಹೆಚ್ಚುತ್ತದೆ ಅನ್ನುವುದು ಬರೀ ಮಾತು. ಆ ಗಾಳಿ ಎಂಜಿನ್ ಒಳಗೆ ಹೋಗುವುದೇ ಇಲ್ಲ, ಕೋರ್‌ನ ರೆಕ್ಕೆಗಳ ನಡುವೆ ನುಗ್ಗಿ ಕೆಳಗೆ ಹೋಗುತ್ತದೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಸ್ಕೂಪ್ ಬಾಯಲ್ಲಿ ಸಿಗಬಹುದಾದ ಗರಿಷ್ಠ ಒತ್ತಡ ಸುಮಾರು 450 ಪ್ಯಾಸ್ಕಲ್, ಅಂದರೆ ಕೊಳವೆಯಲ್ಲಿನ ನೀರನ್ನು ಎತ್ತುವುದು 45 ಮಿ.ಮೀ. ಗಂಟೆಗೆ 40 ಕಿ.ಮೀ.ಗೆ ಇಳಿದರೆ ಬರೀ 7 ಮಿ.ಮೀ. ವೇಗ ಅರ್ಧವಾದರೆ ಒತ್ತಡ ಕಾಲುಭಾಗ. ಇಷ್ಟು ಸಣ್ಣ ಬಂಡವಾಳ ಕೈಯಲ್ಲಿಟ್ಟುಕೊಂಡು ಬೆರಳಗಲದ ಸಂದು ಬಿಟ್ಟರೆ ಗಾಳಿ ಕೋರ್ ಒಳಗೆ ಯಾಕೆ ಹೋಗಬೇಕು? ಪಕ್ಕದಿಂದ ಸರಾಗವಾಗಿ ಜಾರಿಹೋಗುತ್ತದೆ.

ಇದನ್ನು ಕಣ್ಣಾರೆ ನೋಡಲು ಒಂದು ಮೀಟರ್ ಪಾರದರ್ಶಕ ಪ್ಲಾಸ್ಟಿಕ್ ಟ್ಯೂಬ್ ಸಾಕು. 'ಯು' ಆಕಾರಕ್ಕೆ ಬಗ್ಗಿಸಿ ಬಣ್ಣದ ನೀರು ತುಂಬಿ. ಒಂದು ತುದಿಯನ್ನು ಸಣ್ಣ ಹೋಸ್ ಮೂಲಕ ಕೋರ್‌ನ ಮೇಲ್ಭಾಗಕ್ಕೆ, ಇನ್ನೊಂದನ್ನು ಕೋರ್‌ನ ಅಡಿಗೆ ಒಯ್ದು, ಪಕ್ಕದಲ್ಲಿ ಕೂತವರ ಕೈಗೆ ಟ್ಯೂಬ್ ಕೊಡಿ. ಹೋಸಿನ ತುದಿ ಗಾಳಿಗೆ ಎದುರಾಗಿರದೆ ಅಡ್ಡವಾಗಿರಲಿ, ಇಲ್ಲದಿದ್ದರೆ ರೀಡಿಂಗ್ ಸುಳ್ಳು ಹೇಳುತ್ತದೆ. ಈ ಗಾಡಿಯಲ್ಲಿ ಎತ್ತರದ ಸ್ಕೂಪ್ ಹಾಕಿದಾಗ ಮೊದಲಿಗಿಂತ ನೀರಿನ ಮಟ್ಟದಲ್ಲಿ ಹೇಳಿಕೊಳ್ಳುವಂಥ ಬದಲಾವಣೆಯೇ ಕಾಣಲಿಲ್ಲ. ಫೋಮ್ ಬದಲಿಸಿ ಸಂದು ಮುಚ್ಚಿದ ಮೇಲೆ ಅದೇ ವೇಗದಲ್ಲಿ ಮಟ್ಟ ಹತ್ತಿರಹತ್ತಿರ ದುಪ್ಪಟ್ಟಾಯಿತು. ಸ್ಕೂಪ್‌ಗೆ ಮೂರೇ ಅಂಕ ಯಾಕೆ ಎಂದರೆ ಇದಕ್ಕೆ.

ಫೋಮ್ ಅಂದರೆ ಪ್ಯಾಕಿಂಗ್ ಡಬ್ಬದ ಸ್ಪಂಜ್ ಅಲ್ಲ. ರಂಧ್ರಗಳು ಮುಚ್ಚಿರುವ ಇಪಿಡಿಎಂ ರಬ್ಬರ್ ಫೋಮ್, 25 ಮಿ.ಮೀ. ದಪ್ಪ, ಬಾನೆಟ್ ಮುಚ್ಚಿದಾಗ 15ಕ್ಕೆ ಅಮುಕುವಂತೆ. ಸರಿ ಕೂತಿದೆಯೇ ಎಂದು ತಿಳಿಯಲು ಫೋಮ್ ಅಂಚಿಗೆ ಸೀಮೆಸುಣ್ಣ ಉಜ್ಜಿ, ಬಾನೆಟ್ ಮುಚ್ಚಿ ತೆಗೆಯಿರಿ. ಎದುರಿನ ಅಂಚಿನಲ್ಲಿ ಬಿಳಿ ಗೆರೆ ಎಲ್ಲಿ ತುಂಡಾಗಿದೆಯೋ ಅಲ್ಲಿ ಗಾಳಿ ಸೋರುತ್ತಿದೆ. ನಾಲ್ಕು ಮೂಲೆಗಳಲ್ಲಿ ಸಾಮಾನ್ಯವಾಗಿ ತುಂಡಾಗುತ್ತದೆ. ಪಟ್ಟಿಯನ್ನು ಬಗ್ಗಿಸಿ ಅಂಟಿಸುವ ಬದಲು 45 ಡಿಗ್ರಿಗೆ ಕತ್ತರಿಸಿ ಜೋಡಿಸಿದರೆ ಸರಿಹೋಗುತ್ತದೆ. ಶಾಖಕ್ಕೆ ಫೋಮ್ ಗಟ್ಟಿಯಾಗಿ ಚಪ್ಪಟೆಯಾಗುತ್ತದೆ. ಇಲ್ಲಿ ಹದಿನೆಂಟು ತಿಂಗಳಿಗೊಮ್ಮೆ ಬದಲಿಸಬೇಕಾಯಿತು.

ತಗಡಿನ ಡಕ್ಟ್ ನೇರವಾಗಿ ಕೋರ್ ಮೇಲೆ ಕೂರುವಂತೆ ಮಾಡಿದರೆ ಫೋಮ್ ಗೊಡವೆಯೇ ಬೇಡವಲ್ಲ ಎಂದು ಅನಿಸಬಹುದು. ಮಾಡಬೇಡಿ. ಇಂಟರ್‌ಕೂಲರ್ ಎಂಜಿನ್ನಿಗೆ ಬಿಗಿದಿದೆ, ಡಕ್ಟ್ ಬಾನೆಟ್ಟಿಗೆ. ಜೋರಾಗಿ ಕಾಲಿಟ್ಟು ಬಿಟ್ಟಾಗ ಎಂಜಿನ್ ತೂಗುತ್ತದೆ, ಆ ತೂಗಾಟ ತಡೆಯುವ ಪಿಚ್ ಸ್ಟಾಪ್ ಬುಷ್ ಹಳೆಯದಾಗಿದ್ದರೆ ಇನ್ನೂ ಹೆಚ್ಚು. ಮೊದಲ ಸಲ 6 ಮಿ.ಮೀ. ಸಂದು ಇಟ್ಟಿದ್ದು ಸಾಲಲಿಲ್ಲ. ಎಂಡ್ ಟ್ಯಾಂಕಿನ ವೆಲ್ಡಿಂಗ್ ಗೆರೆಯ ಪಕ್ಕದಲ್ಲೇ ಉಗುರಿನಷ್ಟು ಉದ್ದದ ಹೊಳೆಯುವ ಗೀಟು, ಅದರ ಕೆಳಗೆ ಬೂದು ಬಣ್ಣದ ಅಲ್ಯುಮಿನಿಯಂ ಪುಡಿ. ಇನ್ನೊಂದು ವರ್ಷ ಬಿಟ್ಟಿದ್ದರೆ ತೂತು ಬೀಳುತ್ತಿತ್ತು. ತಗಡಿಗೂ ಟ್ಯಾಂಕಿಗೂ 12ರಿಂದ 15 ಮಿ.ಮೀ. ಬಿಡಿ, ಆ ಸಂದನ್ನು ಫೋಮ್ ಮಾತ್ರ ತುಂಬಲಿ. ಬಾನೆಟ್ ಕತ್ತರಿಸುವ ಮೊದಲೇ ಕೋರ್ ಮೇಲೆ ಅಲ್ಲಲ್ಲಿ ಮಕ್ಕಳು ಆಡುವ ಬಣ್ಣದ ಕ್ಲೇ ಉಂಡೆ ಇಟ್ಟು, ಬಾನೆಟ್ ಮುಚ್ಚಿ ತೆಗೆದು, ಅಮುಕಿದ ದಪ್ಪ ಅಳೆದರೆ ಲೆಕ್ಕ ಸಿಗುತ್ತದೆ.

ಒಳಬಂದ ಗಾಳಿ ಹೊರಹೋಗಲೂ ಬೇಕು. ಅದು ಎಂಜಿನ್ನಿನ ಹಿಂದೆ ಇಳಿದು ಗೇರ್‌ಬಾಕ್ಸ್ ಸುರಂಗದ ಮೂಲಕ ಗಾಡಿಯ ಅಡಿಗೆ ಹೋಗುತ್ತದೆ. ಆಯಿಲ್ ಬದಲಿಸಲು ಸುಲಭ ಎಂದು ಕೆಳಗಿನ ಅಂಡರ್‌ಟ್ರೇ ಬಿಚ್ಚಿಟ್ಟವರು ಅದನ್ನು ಮತ್ತೆ ಹಾಕಲಿ. ಅದಿಲ್ಲದಿದ್ದರೆ ಮುಂದಿನಿಂದ ನುಗ್ಗಿದ ಗಾಳಿ ಎಂಜಿನ್ ಬೇಯಲ್ಲೇ ಒತ್ತಡ ಏರಿಸಿ ಸ್ಕೂಪ್ ಗಾಳಿಗೆ ಅಡ್ಡ ನಿಲ್ಲುತ್ತದೆ. ಸ್ಕೂಪ್ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಹಾಕುವುದೂ ಇಂಥದ್ದೇ ಕೆಲಸ, ನೋಡಲು ಚೆಂದ ಅಷ್ಟೇ.

ಕೋರ್ ಆಯ್ಕೆಯಲ್ಲಿ ದಪ್ಪದ ಹುಚ್ಚು ಬೇಡ. ಕೋರ್ ದಪ್ಪವಾದಷ್ಟೂ ಅದರ ಕೆಳಗಿನ ಪದರಕ್ಕೆ ತಲುಪುವುದು ಮೇಲಿನ ಪದರ ಬಿಸಿಮಾಡಿ ಕಳಿಸಿದ ಗಾಳಿ. ಜೊತೆಗೆ ದಪ್ಪ ಕೋರ್ ಒತ್ತಡವನ್ನೂ ಹೆಚ್ಚು ಕೇಳುತ್ತದೆ, ನಮ್ಮಲ್ಲಿರುವುದೋ ಬರೀ 45 ಮಿ.ಮೀ. ನೀರಿನಷ್ಟು. ಅಗಲ ಹೆಚ್ಚಿಸಲು ಜಾಗವಿದ್ದರೆ ಅದೇ ಮೊದಲ ಆಯ್ಕೆ. ಬಾರ್-ಅಂಡ್-ಪ್ಲೇಟ್ ಗಟ್ಟಿ, ಭಾರ, ಎರಡು ಮೂರು ಗೇರ್ ಎಳೆಯುವಷ್ಟು ಹೊತ್ತು ಬಿಸಿಯನ್ನು ನುಂಗಿಕೊಳ್ಳುತ್ತದೆ. ಇನ್ನೊಂದು ಬಗೆಯ ಕೋರ್, ಟ್ಯೂಬ್-ಅಂಡ್-ಫಿನ್ (ಕೊಳವೆ ಮತ್ತು ರೆಕ್ಕೆ), ಹಗುರ, ಬೇಗ ಬಿಸಿಯಾಗಿ ಬೇಗ ತಣಿಯುತ್ತದೆ. ನಾಲ್ಕನೇ ಅಂಕಕ್ಕೆ ನಿಂತದ್ದು ಇಲ್ಲೇ: ಸಿಗ್ನಲ್‌ನಲ್ಲಿ ಐದು ನಿಮಿಷ ನಿಂತರೆ ಈ ಭಾರದ ಕೋರ್ ಕೆಳಗಿನ ಶಾಖವನ್ನೆಲ್ಲ ಹೀರಿಕೊಳ್ಳುತ್ತದೆ, ಹೊರಟ ಮೇಲೆ ಬಿಟ್ಟುಕೊಡಲು ಕಂಪನಿಯ ಕೋರ್‌ಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಟ್ರಾಫಿಕ್‌ನಲ್ಲೇ ದಿನ ಕಳೆಯುವ ಗಾಡಿಗೆ ಟ್ಯೂಬ್-ಅಂಡ್-ಫಿನ್ ವಾಸಿ. ಟರ್ಬೊಗೆ ಶಾಖ ತಡೆಯುವ ಹೊದಿಕೆ ಹೊದಿಸಿದರೆ ಎರಡಕ್ಕೂ ಉಪಕಾರ. ನೀರಿನ ಸ್ಪ್ರೇ ಇಡುವವರು ಡಿಸ್ಟಿಲ್ಡ್ ವಾಟರ್ ಬಳಸಿ, ಗಡಸು ನೀರಾದರೆ ರೆಕ್ಕೆಗಳ ಮೇಲೆ ಸುಣ್ಣದ ಪದರ ಕೂರುತ್ತದೆ.

ಕಟ್ಟಿಸುವಾಗ ವೆಲ್ಡರ್ ಹತ್ತಿರ ಮಾತಾಡಬೇಕಾದ್ದು ಫಿಲ್ಲರ್ ರಾಡ್ (ಜೋಡಣೆಗೆ ಕರಗಿಸಿ ತುಂಬುವ ಸಲಾಕೆ) ಬಗ್ಗೆ. 5356 ರಾಡ್ ಗಟ್ಟಿ ಎಂದು ಕೆಲವರು ಅದನ್ನೇ ಹಿಡಿಯುತ್ತಾರೆ. ಸತತವಾಗಿ 65 ಡಿಗ್ರಿ ದಾಟುವ ಜಾಗಕ್ಕೆ ಅದು ಸಲ್ಲದು, ಅದರಲ್ಲಿರುವ ಮೆಗ್ನೀಷಿಯಂನಿಂದ ಕಾಲಕ್ರಮೇಣ ಒತ್ತಡದ ಬಿರುಕು ಬಿಡುತ್ತದೆ. 6061 ದರ್ಜೆಯ ಅಲ್ಯುಮಿನಿಯಂ ತಗಡಿಗೆ 4043 ರಾಡ್ ಹಾಕಿಸಿ. ಪೈಪ್ ತುದಿಗೆ ಬೀಡ್ ರೋಲ್ (ಹೋಸ್ ಜಾರದಂತೆ ತಡೆಯುವ ಉಬ್ಬು) ಇರಲೇಬೇಕು. ವೆಲ್ಡಿಂಗ್ ಮುಗಿದ ಮೇಲೆ ಟ್ಯಾಂಕಿನ ಒಳಗನ್ನು ತೊಳೆದು, ಗಾಳಿ ಊದಿ, ತಲೆಕೆಳಗು ಮಾಡಿ ತಟ್ಟಿ. ಒಳಗೆ ಉಳಿದ ಒಂದು ಲೋಹದ ಗುಂಡು ನೇರ ಸಿಲಿಂಡರ್‌ಗೆ ಹೋಗುತ್ತದೆ.

ಹೋಸ್ ಕಳಚುವುದು ಇಲ್ಲಿನ ಮಾಮೂಲು ತಲೆನೋವು. ಟರ್ಬೊ ಕಡೆಯ ಸಿಲಿಕೋನ್ ಹೋಸ್ ಒಳಗೆ ಎಂಜಿನ್ ಒಳಗಿನ ಆವಿ ಹೊರಬಿಡುವ ಬ್ರೀದರ್‌ನಿಂದ ಬಂದ ಎಣ್ಣೆ ಸವರಿಕೊಂಡು ಮೆತ್ತಗಾಗುತ್ತದೆ, ಆಮೇಲೆ ಟಿ-ಬೋಲ್ಟ್ ಕ್ಲಾಂಪ್ ಎಷ್ಟು ಬಿಗಿದರೂ ಜಾರುತ್ತದೆ. ಹೆಚ್ಚು ಬಿಗಿದರೆ ಹೋಸ್ ಕತ್ತರಿಸುತ್ತದೆ. ಒಳಪದರಕ್ಕೆ ಫ್ಲೋರೋಸಿಲಿಕೋನ್ ಇರುವ ಹೋಸ್ ತೆಗೆದುಕೊಂಡು, ಪೈಪನ್ನು ಬ್ರೇಕ್ ಕ್ಲೀನರ್‌ನಿಂದ ಒರೆಸಿ ಒಣಗಿಸಿ ಹಾಕಿದ ಮೇಲೆ ಮತ್ತೆ ಕಳಚಿಲ್ಲ.

ಜೋಡಿಸಿದ ಮೇಲೆ ಗಾಡಿ ಓಡಿಸುವ ಮುಂಚೆ ಸೋರಿಕೆ ನೋಡಿ. ಟರ್ಬೊದ ಗಾಳಿ ಬಾಯಿಗೆ ವಾಲ್ವ್ ಇರುವ ಮುಚ್ಚಳ ಬಿಗಿದು, ರೆಗ್ಯುಲೇಟರ್ ಇಟ್ಟು ಕಂಪ್ರೆಸರ್‌ನಿಂದ ನಿಧಾನವಾಗಿ 1 ಬಾರ್‌ವರೆಗೆ ಏರಿಸಿ, ಪ್ರತಿ ಜೋಡಣೆಗೂ ಸೋಪಿನ ನೀರು ಚಿಮುಕಿಸಿ. ಎದುರಿಗೆ ಮುಖ ಇಡಬೇಡಿ, ಮುಚ್ಚಳ ಹಾರಿದರೆ ಗುಂಡಿನಂತೆ ಬರುತ್ತದೆ. ಥ್ರಾಟಲ್ ಬಾಡಿಯ ಹೋಸ್, ಬೈಪಾಸ್ ವಾಲ್ವಿನ ಗ್ಯಾಸ್ಕೆಟ್, ಈ ಎರಡು ಕಡೆ ಗುಳ್ಳೆ ಹೆಚ್ಚು. ಮ್ಯಾಫ್ ಇರುವ ಗಾಡಿಯಲ್ಲಿ ಸೋರಿಕೆಯ ಲಕ್ಷಣ ಎರಡು ಬಗೆ. ಬೂಸ್ಟ್‌ನಲ್ಲಿ ಅಳೆದ ಗಾಳಿ ಹೊರಹೋಗಿ ಪೆಟ್ರೋಲ್ ಹೆಚ್ಚಾಗಿ ಕರಿ ಹೊಗೆ ಬರುತ್ತದೆ. ಥ್ರಾಟಲ್‌ನಿಂದ ಆಚೆ, ಮ್ಯಾನಿಫೋಲ್ಡ್ ಕಡೆ ಸೋರಿದರೆ ಐಡಲ್‌ನಲ್ಲಿ ಅಳೆಯದ ಗಾಳಿ ಒಳಬಂದು ಫ್ಯುಯೆಲ್ ಟ್ರಿಮ್ (ಕಂಪ್ಯೂಟರ್ ಮಾಡುವ ಪೆಟ್ರೋಲ್ ಹೊಂದಾಣಿಕೆ) ಮೇಲೇರುತ್ತದೆ. ಎಲ್ಲಿ ಹುಡುಕಬೇಕು ಎನ್ನುವುದಕ್ಕೆ ಇದೇ ದಾರಿ.

ಇಸಿಯು (ಎಂಜಿನ್ ಕಂಪ್ಯೂಟರ್) ಟ್ಯೂನ್ ಮುಟ್ಟದೆ ಬಿಡುವಂತಿಲ್ಲ. ಹೊಸ ಕೋರ್‌ನಲ್ಲಿ ಒತ್ತಡ ಬೀಳುವುದು ಕಡಿಮೆಯಾದ್ದರಿಂದ ಅದೇ ವೇಸ್ಟ್‌ಗೇಟ್ (ಬೂಸ್ಟ್‌ಗೆ ಮಿತಿ ಹಾಕುವ ಕವಾಟ) ಸೆಟ್ಟಿಂಗ್‌ಗೆ ಬೂಸ್ಟ್ ಸ್ವಲ್ಪ ಮೇಲೆ ಹೋಗಬಹುದು, ತಣ್ಣನೆಯ ಬೆಳಗ್ಗೆ ಫ್ಯುಯೆಲ್ ಕಟ್ ಹೊಡೆಯುತ್ತದೆ, ಅಂದರೆ ಬೂಸ್ಟ್ ಮಿತಿ ಮೀರಿತೆಂದು ಇಸಿಯು ಪೆಟ್ರೋಲ್ ನಿಲ್ಲಿಸುತ್ತದೆ. ಮೊದಲು ಬೂಸ್ಟ್ ಸರಿಮಾಡಿ, ಆಮೇಲೆ ಇಗ್ನಿಷನ್ ಟೈಮಿಂಗ್.

ಬಾನೆಟ್ ಕತ್ತರಿಸುವಾಗ ಒಳಗಿನ ಬಲಪಟ್ಟಿಗಳನ್ನು, ಮುಖ್ಯವಾಗಿ ಲಾಕ್ ಹತ್ತಿರದ್ದನ್ನು ಮುಟ್ಟಬೇಡಿ. ಕತ್ತರಿಸಿದ ಅಂಚಿಗೆ ಅದೇ ದಿನ ಎಪಾಕ್ಸಿ ಪ್ರೈಮರ್ ಹೊಡೆಯಿರಿ. ಇಲ್ಲಿ ಒಂದು ಮೂಲೆ ತಪ್ಪಿಹೋಗಿತ್ತು, ಎರಡನೇ ವರ್ಷಕ್ಕೆ ಬಣ್ಣದಡಿ ತುಕ್ಕಿನ ಗುಳ್ಳೆ ಎದ್ದಿತು. ವರ್ಷಕ್ಕೊಮ್ಮೆ ಇಂಟರ್‌ಕೂಲರ್ ಇಳಿಸಿ, ಕಡಿಮೆ ಒತ್ತಡದ ನೀರನ್ನು ಅಡಿಯಿಂದ ಮೇಲಕ್ಕೆ ಬಿಟ್ಟರೆ ಹುಳ, ಒಣಎಲೆ, ಮರಳು ಬಂದ ದಾರಿಯಲ್ಲೇ ಹೊರಬೀಳುತ್ತವೆ. ಪ್ರೆಶರ್ ವಾಷರ್ ಹಿಡಿದರೆ ರೆಕ್ಕೆಗಳು ಮಲಗುತ್ತವೆ.

ಕಂಪನಿಯ ಬಾನೆಟ್ ಮತ್ತು ಇಂಟರ್‌ಕೂಲರ್ ಮಾರಬೇಡಿ. ಕತ್ತರಿಸುವುದಿದ್ದರೆ ಹಳೆಯ ಬಾನೆಟ್ ಒಂದನ್ನು ಹುಡುಕಿ ಅದನ್ನೇ ಕತ್ತರಿಸಿ. ಗಾಡಿ ಕೈಬದಲಾಗುವ ದಿನ ಒಂದು ಮಧ್ಯಾಹ್ನದ ಕೆಲಸದಲ್ಲಿ ಎಲ್ಲ ಮೊದಲಿನಂತೆ ಕೂರುತ್ತದೆ.