ಬದುಕಿದ್ದಾಗ ಎರಡು ಸ್ಟಾರ್, ಸತ್ತ ಮೇಲೆ ನಾಲ್ಕೂವರೆ: ಡಿ ಆಂಡ್ ಡಿ ಅಲೈನ್‌ಮೆಂಟ್, ವರ್ಷಗಟ್ಟಲೆ ಆಡಿದ ಮೇಲೆ

ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಿನಲ್ಲೇ ಕಥೆ ಕಟ್ಟುವ ಆಟ ಡಂಜನ್ಸ್ ಆಂಡ್ ಡ್ರಾಗನ್ಸ್ (ಡಿ ಆಂಡ್ ಡಿ). ಅದರ ಐದನೇ ಆವೃತ್ತಿ, ಅಂದರೆ 2014ರ ಪುಸ್ತಕಗಳನ್ನು ಇಟ್ಟುಕೊಂಡು ನಮ್ಮ ಬದಿಯಡ್ಕದ ಗುಂಪು ಬಹಳ ಕಾಲದಿಂದ ಆಡುತ್ತಿದೆ. ಕಥೆ ನಡೆಸಿ ತೀರ್ಪು ಹೇಳುವ ಡಿ.ಎಂ. (ಡಂಜನ್ ಮಾಸ್ಟರ್) ಕುರ್ಚಿ ಹೆಚ್ಚಾಗಿ ನನ್ನದೇ. ಯುದ್ಧದ ನಿಯಮ, ಮಂತ್ರಗಳ ಬಗ್ಗೆ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಹೇಳುವುದು ಕ್ಯಾರೆಕ್ಟರ್ ಶೀಟಿನ ಮೇಲ್ಗಡೆ ಇರುವ ಒಂದು ಸಣ್ಣ ಖಾನೆಯ ಬಗ್ಗೆ: ಅಲೈನ್‌ಮೆಂಟ್, ಅಂದರೆ ಪಾತ್ರದ ನೀತಿ, ನಿಲುವು ಯಾವ ಕಡೆಗೆ ಎಂಬ ಗುರುತು.

ಹೊಸಬರಿಗಾಗಿ ಎರಡು ಮಾತು. 1974ರ ಮೊದಲ ಆಟದಲ್ಲಿ ಇದ್ದದ್ದು ಮೂರೇ ಪಕ್ಷ: ಲಾ (ನಿಯಮ), ನ್ಯೂಟ್ರಾಲಿಟಿ (ತಟಸ್ಥ), ಕೇಯಾಸ್ (ಅವ್ಯವಸ್ಥೆ). 1978ರ ಅಡ್ವಾನ್ಸ್ಡ್ ಪ್ಲೇಯರ್ಸ್ ಹ್ಯಾಂಡ್‌ಬುಕ್ ಹೊತ್ತಿಗೆ ಇದಕ್ಕೆ ಗುಡ್, ಈವಿಲ್ ಸೇರಿ ಒಂಬತ್ತು ಮನೆಯ ಚೌಕ ಆಯಿತು. ಆ ಕಾಲದಲ್ಲಿ ಮನಸ್ಸು ಬದಲಾಯಿಸಿ ಮನೆ ಬದಲಿಸಿದರೆ ಒಂದು ಲೆವೆಲ್ಲೇ ಹೋಗುತ್ತಿತ್ತು. ಐದನೇ ಆವೃತ್ತಿಯಲ್ಲಿ ಆ ಹಲ್ಲೆಲ್ಲ ಉದುರಿದೆ. ಪಾಲಡಿನ್, ಅಂದರೆ ವ್ರತ ತೊಟ್ಟ ಯೋಧ, ಲಾಫುಲ್ ಗುಡ್ ಆಗಲೇಬೇಕೆಂದಿಲ್ಲ. 'ಡಿಟೆಕ್ಟ್ ಈವಿಲ್ ಆಂಡ್ ಗುಡ್' ಮಂತ್ರ ಹಾಕಿದರೆ ಪಿಶಾಚಿ, ದೇವದೂತರು ಸಿಕ್ಕಿಬೀಳುತ್ತಾರೆ. ಊರ ಪಟೇಲನ ಕೆಟ್ಟ ಬುದ್ಧಿ ಅದಕ್ಕೆ ಕಾಣುವುದಿಲ್ಲ.

ಹಾಗಾಗಿ ಬದುಕಿರುವ ಪಾತ್ರಕ್ಕೆ ಈ ಖಾನೆಯಿಂದ ಏನೂ ಪ್ರಯೋಜನವಿಲ್ಲ. ನಮ್ಮ ಕಡೆಯವರಿಗಂತೂ ಇನ್ನೂ ಇಲ್ಲ. ತಾಳಮದ್ದಲೆ ಕೇಳಿ ಬೆಳೆದವರು ನಾವು. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಪ್ರಶ್ನೆಗಳಲ್ಲಿ ಕಟ್ಟಿಹಾಕುವಾಗ ವಾಲಿಯದ್ದೇ ಸರಿ ಅನಿಸುತ್ತದೆ. ಇನ್ನೊಂದು ಊರಿನಲ್ಲಿ ಅದೇ ಪ್ರಸಂಗ, ರಾಮನ ಅರ್ಥ ಹೇಳುವವರು ಗಟ್ಟಿಗರಾದರೆ ತೀರ್ಪು ಮಗುಚುತ್ತದೆ. ಇಂಥವರ ಕೈಗೆ ಪೆನ್ಸಿಲ್ ಕೊಟ್ಟು ಒಂದು ಮನೆಗೆ ಗುರುತು ಹಾಕಿ ಅಂದರೆ ಆಟ ಶುರುವಾಗುವುದು ಚಹಾ ಎರಡು ಸಲ ಆದ ಮೇಲೆಯೇ.

ಆದರೆ ಪಾತ್ರ ಸತ್ತಾಗ ನೋಡಬೇಕು. ಗ್ರೇಟ್ ವೀಲ್ ಎಂಬ ಲೋಕವ್ಯವಸ್ಥೆಯಲ್ಲಿ ಅಲೈನ್‌ಮೆಂಟ್ ಅಂದರೆ ಸತ್ತವನ ವಿಳಾಸ. ಲಾಫುಲ್ ಗುಡ್‌ಗೆ ಮೌಂಟ್ ಸೆಲೆಸ್ಟಿಯಾ ಬೆಟ್ಟ, ಕೆಯಾಟಿಕ್ ಈವಿಲ್‌ಗೆ ಅಬಿಸ್, ನಿಯಮವನ್ನೇ ದೇವರೆಂದವನಿಗೆ ಹಲ್ಲುಚಕ್ರಗಳ ಮೆಕಾನಸ್. ಎರಡು ಮನೆಗಳ ಗಡಿಯಲ್ಲಿ ನಿಂತವರಿಗೂ ನಡುವೆ ಬೇರೆ ಲೋಕಗಳಿವೆ. ನನಗೆ ತುಂಬಾ ಹಿಡಿಸಿದ್ದು ಅಂಥದೇ ಒಂದು, ಅಕೆರಾನ್: ಶೂನ್ಯದಲ್ಲಿ ತೇಲುತ್ತಾ ಒಂದಕ್ಕೊಂದು ಡಿಕ್ಕಿ ಹೊಡೆಯುವ ಕಬ್ಬಿಣದ ಘನಗಳು, ಅವುಗಳ ಮೇಲೆ ಯಾಕೆಂದು ಮರೆತುಹೋದ ಯುದ್ಧವನ್ನು ಮುಗಿಸದೆ ಮಾಡುತ್ತಲೇ ಇರುವ ಸೈನಿಕರು.

ಕುಂಬಳೆಯ ಗೆಳೆಯನ ಪಾಲಡಿನ್ ಒಬ್ಬ ದುಷ್ಟ ದೊರೆಗೆ ಮಾತು ಕೊಟ್ಟು, ಗೊತ್ತಿದ್ದೂ ಆ ಮಾತು ಉಳಿಸಿಕೊಂಡು, ಅವನ ಪರವಾಗಿ ಕಾದಾಡಿ ಸತ್ತ. ನಾನು ಅಕೆರಾನ್‌ಗೆ ಕಳಿಸಿದೆ.

"ಎಂಥ ಮಾರಾಯ ಇದು! ದುರ್ಯೋಧನನಿಗೇ ಸ್ವರ್ಗ ಸಿಕ್ಕಿದೆ, ನನ್ನವನಿಗೆ ಯಾಕಿಲ್ಲ?"

ಮಾತು ಹೌದು. ಸ್ವರ್ಗಾರೋಹಣ ಪರ್ವದಲ್ಲಿ ಧರ್ಮರಾಯನ ಕಣ್ಣಿಗೆ ಮೊದಲು ಬೀಳುವುದು ಸ್ವರ್ಗದಲ್ಲಿ ಮೆರೆಯುತ್ತಾ ಕೂತ ದುರ್ಯೋಧನನೇ. ನಮ್ಮ ವೀರಗಲ್ಲುಗಳಲ್ಲಿಯೂ ಅಷ್ಟೇ: ಕೆಳಗೆ ಕಾಳಗ, ಮೇಲೆ ಅಪ್ಸರೆಯರು ಎತ್ತಿಕೊಂಡು ಹೋಗುವುದು. ದನ ಬಿಡಿಸಲು ಸತ್ತವನು ಮನೆಯಲ್ಲಿ ಹೇಗಿದ್ದ ಎಂದು ಕಲ್ಲು ಕೇಳುವುದಿಲ್ಲ, ಹೇಗೆ ಸತ್ತ ಎಂಬುದೊಂದೇ ಲೆಕ್ಕ. ಗ್ರೇಟ್ ವೀಲ್ ಕೇಳುವುದು ತದ್ವಿರುದ್ಧ: ಹೇಗೆ ಬದುಕಿದೆ? ನಾನು ತೀರ್ಪು ಬದಲಿಸಲಿಲ್ಲ.

ಉಳಿದವರು ಸತ್ತವನನ್ನು ಬದುಕಿಸುವ 'ರೈಸ್ ಡೆಡ್' ಮಂತ್ರ ಹಾಕಲು ಹೊರಟರು. ಐನೂರು ಚಿನ್ನದ ನಾಣ್ಯ ಬೆಲೆಯ ವಜ್ರ ಬೇಕು, ಸತ್ತು ಹತ್ತು ದಿನ ದಾಟಿರಬಾರದು, ಎಲ್ಲಕ್ಕಿಂತ ಮುಖ್ಯವಾಗಿ ಆತ್ಮಕ್ಕೆ ಮರಳಿ ಬರುವ ಮನಸ್ಸಿರಬೇಕು. ಇಡೀ ಪುಸ್ತಕದಲ್ಲಿ ನನಗೆ ಅತ್ಯಂತ ಇಷ್ಟವಾದ ನಿಯಮ ಈ ಕೊನೆಯದು. ವಜ್ರ ಹೊಂದಿಸಿ ತಂದರೆ ಗೆಳೆಯ ತಣ್ಣಗೆ ಹೇಳಿದ: "ಅವ ಬರುವುದಿಲ್ಲ. ದೊರೆ ಮಾತಿನಿಂದ ಬಿಡಿಸಬೇಕು." ದೊರೆಯೂ ಅಷ್ಟರಲ್ಲಿ ಸತ್ತು ಲಾಫುಲ್ ಈವಿಲ್‌ನವರ ಒಂಬತ್ತು ನರಕ ಸೇರಿದ್ದ. ಆ ಮಳೆಗಾಲವೆಲ್ಲ ನಾವು ಆಡಿದ್ದು ಅದನ್ನೇ, ಸತ್ತವನಿಗೆ ಸತ್ತವನಿಂದ ಬಿಡುಗಡೆ ಕೇಳುವ ಕಥೆ. ಒಂಬತ್ತು ಮನೆಯ ಚೌಕ ಇಲ್ಲದಿದ್ದರೆ ಇದು ಹುಟ್ಟುತ್ತಿರಲಿಲ್ಲ.

ಅರ್ಧ ಸ್ಟಾರ್ ಕಡಿಮೆ ಮಾಡಿದ್ದಕ್ಕೆ ಕಾರಣಗಳಿವೆ. ಈ ಲೋಕಗಳದ್ದೇ ಕಥೆ ಹೇಳುವ 1994ರ ಪ್ಲೇನ್‌ಸ್ಕೇಪ್‌ನಲ್ಲಿ ಸತ್ತವರು ಪೆಟಿಷನರ್‌ಗಳಾಗುತ್ತಾರೆ, ಹಳೆಯ ನೆನಪು ಅಳಿಸಿಹೋಗುತ್ತದೆ. ನೆನಪೇ ಇಲ್ಲದವನಿಗೆ ಕೊಡುವ ಶಿಕ್ಷೆ ಯಾರಿಗೆ? ಆಟಿ ತಿಂಗಳಲ್ಲಿ ಕುಲೆಗಳಿಗೆ (ತೀರಿಹೋದವರ ಆತ್ಮಗಳಿಗೆ) ಬಡಿಸುವ, ಚಿಕ್ಕಂದಿನಲ್ಲೇ ತೀರಿಹೋದ ಮಕ್ಕಳಿಗೆ ಪ್ರಾಯ ಬಂದಾಗ ಸಂಬಂಧ ಹುಡುಕಿ ಮದುವೆ ಮಾಡಿಸುವ ಊರಿನವರಿಗೆ ಮನೆ ಮರೆತ ಸತ್ತವರು ಒಗ್ಗುವುದಿಲ್ಲ. ನಮ್ಮ ಟೇಬಲ್ಲಿನಲ್ಲಿ ಸತ್ತವರಿಗೆ ಎಲ್ಲ ನೆನಪಿರುತ್ತದೆ.

ಇನ್ನೊಂದು, ಅನ್ಯಾಯವಾಗಿ ಸತ್ತವರದ್ದು. ಪಾಡ್ದನದ, ಅಂದರೆ ತುಳು ಜನಪದ ಹಾಡಿನ, ಕಲ್ಕುಡ ಕಲ್ಲುರ್ಟಿಯರು ಅನ್ಯಾಯ ತಿಂದು, ಮಾಯಕವಾಗಿ (ಮರೆಯಾಗಿ), ದೈವಗಳಾಗಿ ನ್ಯಾಯ ಕೇಳುತ್ತಾರೆ. ಕಾಯುವುದೂ ಅವರೇ, ಕಾಡುವುದೂ ಅವರೇ. ಈ ಆಟದಲ್ಲಿ ಅದಕ್ಕೆ ಹತ್ತಿರ ಬರುವುದು ರೆವನೆಂಟ್. ಒಂದು ವರ್ಷದೊಳಗೆ ಸೇಡು ತೀರಿಸಿಕೊಳ್ಳಬೇಕಾದ ಹೆಣ ಅದು, ಆಮೇಲೆ ಇಲ್ಲ. ಊರವರ ಎದುರು ನಿಂತು ನುಡಿ ಕೊಡುವ ಸತ್ತವರಿಗೆ ಪುಸ್ತಕದಲ್ಲಿ ಜಾಗವಿಲ್ಲ, ನಾವೇ ನಿಯಮ ಬರೆದುಕೊಂಡಿದ್ದೇವೆ.

ಡಿ ಆಂಡ್ ಡಿಯ ಕಥಾಲೋಕಗಳಲ್ಲಿ ಒಂದಾದ ಫರ್ಗಾಟನ್ ರೆಲ್ಮ್ಸ್‌ನಲ್ಲಿ ಯಾವ ದೇವರನ್ನೂ ನಂಬದವರ ಆತ್ಮಗಳನ್ನು ಗೋಡೆಗೆ ಮೆತ್ತಿಬಿಡುವ ಕ್ರಮ ಇತ್ತು. 2015ರ ಸ್ವೋರ್ಡ್ ಕೋಸ್ಟ್ ಪುಸ್ತಕದಲ್ಲಿದ್ದ ಆ ಉಲ್ಲೇಖವನ್ನು 2020ರ ತಿದ್ದುಪಡಿಯಲ್ಲಿ ತೆಗೆದರು. ಒಳ್ಳೆಯದೇ ಆಯಿತು.

ವಾದವೇ ಬೇಡ ಎನ್ನುವವರು ಎಬೆರಾನ್ ಎಂಬ ಇನ್ನೊಂದು ಕಥಾಲೋಕ ನೋಡಿ. ಅಲ್ಲಿ ಒಳ್ಳೆಯವನೂ ಕೆಟ್ಟವನೂ ಹೋಗುವುದು ಡೋಲರ್ ಎಂಬ ಒಂದೇ ಮಬ್ಬುಲೋಕಕ್ಕೆ. ಇಂಥದೇ ಇನ್ನೊಂದು ಆಟವಾದ ಪಾತ್‌ಫೈಂಡರ್‌ನವರು 2023ರ ಪರಿಷ್ಕರಣೆಯಲ್ಲಿ ಅಲೈನ್‌ಮೆಂಟನ್ನೇ ಕೈಬಿಟ್ಟು, ಪಾತ್ರ ಮಾಡಲೇಬೇಕಾದ್ದು ಮತ್ತು ಮಾಡಬಾರದ್ದು ಎಂಬ ವ್ರತಗಳ ದಾರಿ ಹಿಡಿದಿದ್ದಾರೆ. ಬದುಕಿರುವ ಪಾತ್ರಗಳಿಗೆ ಅದೇ ವಾಸಿ, ನಾವೂ ಆ ಭಾಗವನ್ನು ಎರವಲು ತಂದಿದ್ದೇವೆ.

ಖರೀದಿಸುವ ಮೊದಲು: ಐದನೇ ಆವೃತ್ತಿಯ ಮೂಲ ನಿಯಮಗಳು 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್‌ನಲ್ಲಿ ಉಚಿತವಾಗಿವೆ, ಆಡಲು ಅಷ್ಟು ಸಾಕು. ಲೋಕಗಳ ವಿವರ ಬೇಕಾದರೆ ಮಾತ್ರ 2014ರ ಡಂಜನ್ ಮಾಸ್ಟರ್ಸ್ ಗೈಡ್ ತೆಗೆದುಕೊಳ್ಳಿ, ಎರಡನೇ ಅಧ್ಯಾಯ. ಗುಂಪಿಗೆ ಒಂದು ಪ್ರತಿ ಇದ್ದರೆ ಆಯಿತು.